ತುಂಗಜ್ಜಿಯ ಇಂಗ್ಲಿಷು, ಧೂಮಕಂಠನ ಕೋಟೆ

ಬಹಳ ಹಿಂದೆ, ಸಮುದ್ರದ ನೀರು ಇನ್ನೂ ಇಷ್ಟೊಂದು ಉಪ್ಪಾಗಿರದ ಕಾಲದಲ್ಲಿ, ಅಲೆಸಿರಿ ಎಂಬ ಒಂದು ರಾಜ್ಯವಿತ್ತು. ಅಲೆಸಿರಿಯ ಬಂದರಿಗೆ ದೂರ ದೇಶದ ಹಡಗುಗಳು ಮೆಣಸು, ಶುಂಠಿ ಕೊಳ್ಳಲು ಬರುತ್ತಿದ್ದವು. ಹಡಗಿನವರು ಆಡುತ್ತಿದ್ದದ್ದು ಇಂಗ್ಲಿಷ್. ಅವರು ಏನು ಹೇಳಿದರೂ ರಾಜ ಮಲ್ಲರಾಯ ಗಂಭೀರವಾಗಿ ತಲೆಯಾಡಿಸುತ್ತಿದ್ದ. ಒಂದು ಸಲ ಹಾಗೆ ತಲೆಯಾಡಿಸಿ, ತನಗೆ ಬೇಡವೇ ಬೇಡವಾಗಿದ್ದ ಒಂದು ಹಡಗಿನ ತುಂಬ ಉಣ್ಣೆಯ ಟೋಪಿಗಳನ್ನು ಇಳಿಸಿಕೊಂಡ. ಆ ಸೆಕೆಯ ಊರಿನಲ್ಲಿ ಉಣ್ಣೆಯ ಟೋಪಿ ಯಾರಿಗೆ ಬೇಕು? ಅವತ್ತೇ ರಾಜ ತೀರ್ಮಾನ ಮಾಡಿದ, ತನ್ನ ಮಗನಾದರೂ ಇಂಗ್ಲಿಷ್ ಕಲಿಯಲೇಬೇಕು ಎಂದು.

ಮಗನ ಹೆಸರು ಕೆಂಚರಾಯ. ಕುದುರೆ ಏರಿದರೆ ಗಾಳಿ, ನೀರಿಗೆ ಬಿದ್ದರೆ ಮೀನು, ಇಂಗ್ಲಿಷ್ ಪಾಠಕ್ಕೆ ಕೂತರೆ ಮಾತ್ರ ನಿದ್ದೆ. ಅವನಿಗೆ ಪಾಠ ಹೇಳುತ್ತಿದ್ದವಳು ತುಂಗಮ್ಮ. ಅವಳು ಬಂದರಿನಲ್ಲೇ ಹುಟ್ಟಿ ಬೆಳೆದವಳು. ಹುಡುಗಿಯಾಗಿದ್ದಾಗ ಒಂದು ಮಳೆಗಾಲ ಪೂರ್ತಿ ಅಲ್ಲಿ ನಿಂತ ಹಡಗಿನ ಕಪ್ತಾನನ ಹೆಂಡತಿಯ ಜೊತೆ ಹರಟೆ ಹೊಡೆದು ಇಂಗ್ಲಿಷ್ ಕಲಿತಿದ್ದಳು. ಕೆಂಚರಾಯ ಹುಟ್ಟಿದಾಗಲೇ ಅವನ ತಾಯಿ ತೀರಿಕೊಂಡಿದ್ದಳು. ಅಕ್ಷರ ಕಲಿಸಲು ಅರಮನೆಗೆ ಬಂದ ತುಂಗಮ್ಮ ತಲೆಗೆ ಎಣ್ಣೆ ಹಚ್ಚಲು, ಜ್ವರ ಬಂದರೆ ಪಕ್ಕದಲ್ಲಿ ಕೂರಲು ಅಲ್ಲೇ ಉಳಿದುಬಿಟ್ಟಳು. ಅವನಿಗೆ ಅವಳು ತುಂಗಜ್ಜಿ. ಅವನ ಪಾಲಿಗೆ ತಾಯಿ ಎಂದರೂ ಅವಳೇ.

ಅರಮನೆಯ ಹಿಂದಿನ ಹೊಂಗೆ ಮರದ ಕೆಳಗೆ ಮರಳು ಹರಡಿ ಪಾಠ ನಡೆಯುತ್ತಿತ್ತು. ತುಂಗಜ್ಜಿಗೆ ವ್ಯಾಕರಣ ಎಂದರೆ ಊಟದ ಪಂಕ್ತಿ ಇದ್ದ ಹಾಗೆ.

"ನಮ್ಮ ಕನ್ನಡದ ಕ್ರಿಯಾಪದ ಮನೆಯೊಡತಿ ಕಣೋ," ಎನ್ನುತ್ತಿದ್ದಳು. "ಎಲ್ಲರೂ ಕೂತು, ಎಲ್ಲರಿಗೂ ಬಡಿಸಿ ಆದ್ಮೇಲೆ ಕೊನೇಲಿ ಬಂದು ಕೂತ್ಕೊಳ್ಳುತ್ತೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅಷ್ಟು ತಾಳ್ಮೆ ಇಲ್ಲ. ಮಾಡೋನು ಮೊದಲನೇ ಎಲೆಗೆ ಕೂತನೋ ಇಲ್ಲವೋ, ಅವನ ಪಕ್ಕದ ಎಲೇಗೆ ಅದು ಹಾಜರ್. ಮಾಡಿಸಿಕೊಳ್ಳೋನು ಅದರ ಆಚೆಗೆ."

"ಜಾಗ ಅದಲು ಬದಲಾದ್ರೆ ಏನಾಗುತ್ತೆ ಅಜ್ಜಿ? ಕನ್ನಡದಲ್ಲಿ ಎಲ್ಲಿ ಕೂತ್ರೂ ನಡೆಯುತ್ತಲ್ಲ?"

"ಕನ್ನಡದಲ್ಲಿ ಅವರವರ ಗುರುತು ಅವರವರ ಬಾಲದಲ್ಲೇ ಇರುತ್ತೆ. ರಾಮನನ್ನು ಅಂದ್ರೆ ಎಲ್ಲಿ ಕೂರಿಸಿದ್ರೂ ರಾಮನನ್ನೇ. ಇಂಗ್ಲಿಷಿನಲ್ಲಿ ಎಲೆ ನೋಡೇ ಮನುಷ್ಯನ್ನ ಗುರುತು ಹಿಡೀಬೇಕು. ಎಲೆ ಬದಲಾದ್ರೆ ಹುಲಿ ಹಸೂನ ತಿನ್ನೋ ಬದಲು ಹಸುವೇ ಹುಲೀನ ತಿಂದುಬಿಡುತ್ತೆ."

ಕೆಂಚರಾಯನಿಗೆ ಹಸು ಹುಲಿಯನ್ನು ತಿನ್ನುವುದು ಬಹಳ ಇಷ್ಟವಾಯಿತು. ಪಾಠ ಮಾತ್ರ ತಲೆಗೆ ಹತ್ತಲಿಲ್ಲ.

ಪಾಠ ಮುಗಿದ ಮೇಲೆ ದಿನವೂ ಒಂದು ಜಗಳ. ಹೊರಡುವಾಗ ಇಂಗ್ಲಿಷಿನಲ್ಲೇ ಹೇಳಿ ಹೊರಡಬೇಕೆಂದು ಅಜ್ಜಿಯ ಕಟ್ಟಪ್ಪಣೆ. ಕೆಂಚರಾಯ ಅವಳ ಪಾದ ಮುಟ್ಟಿ, "ಐ ವಿಲ್ ಗೋ ಅಂಡ್ ಕಮ್," ಎನ್ನುತ್ತಿದ್ದ.

"ಹಾಗಲ್ಲ ಮಗನೆ. ಅವರು ಹಾಗೆ ಹೇಳೋದಿಲ್ಲ. ಐ ಆಮ್ ಗೋಯಿಂಗ್ ಅನ್ನು."

"ತಪ್ಪಾ ಅಜ್ಜಿ ಅದು?"

"ತಪ್ಪೇನಿಲ್ಲ. ಮಾಡೋನಿದಾನೆ, ಕ್ರಿಯಾಪದ ಇದೆ, ಎಲ್ಲ ಸರಿಯಾಗೇ ಕೂತಿದೆ. ಆದ್ರೆ ಅವರಲ್ಲಿ ಆ ವಾಡಿಕೆ ಇಲ್ಲ. ಕೇಳಿದ್ರೆ ನಗ್ತಾರೆ."

"ನಕ್ಕೊಳ್ಳಲಿ. ನಾನು ಹೋಗ್ತೀನಿ ಅಂತ ಸುಮ್ನೆ ಹೇಗೆ ಹೇಳ್ಲಿ? ಹೋಗ್ತೀನಿ ಅಂದ್ರೆ ನೀನೇ ಅಲ್ವಾ ಬಾಯಿ ಮೇಲೆ ಹೊಡೀತಿದ್ದೆ? ಹೋಗಿ ಬರ್ತೀನಿ ಅನ್ನು, ಅಪಶಕುನ ನುಡೀಬೇಡ ಅಂತ?"

ಅಜ್ಜಿ ಮರಳಿನ ಮೇಲೆ ಒಂದು ತಪ್ಪು ಗುರುತು ಎಳೆದು, ಸೆರಗಿನಲ್ಲಿ ನಗು ಮುಚ್ಚಿಕೊಳ್ಳುತ್ತಿದ್ದಳು.

ಇನ್ನು ಧೂಮಕಂಠನ ವಿಷಯಕ್ಕೆ ಬರೋಣ. ಆ ಮಹಾಶಯ ಸಮುದ್ರದ ನಡುವಿನ ದ್ವೀಪದಲ್ಲಿದ್ದ ಮಾಂತ್ರಿಕ. ಬಾಯಿ ತೆರೆದರೆ ಹೊಗೆ. ಅವನು ತನ್ನ ದ್ವೀಪಕ್ಕೆ ಒಂದು ಮಾಯೆ ಹಾಕಿದ್ದ. ಅಲ್ಲಿ ಕಣ್ಣೆದುರಿಗೆ ಇರುವ ವಸ್ತುವಿನ ಬಗ್ಗೆ ಪೂರ್ತಿ ವಾಕ್ಯ ನುಡಿದರೆ ಅದು ನಿಜವಾಗುತ್ತಿತ್ತು. ಆ ಮಾಯೆಯನ್ನು ಕನ್ನಡದಲ್ಲಿ ಇಟ್ಟರೆ ಮೀನು ಮಾರುವ ಹೆಂಗಸರು ಜಗಳಕ್ಕೆ ನಿಂತರೂ ತನ್ನ ಕೋಟೆ ಉದುರಿಹೋದೀತು ಎಂದು ಅವನಿಗೆ ಭಯ. ಆದ್ದರಿಂದ ಯಾರಿಗೂ ಬಾರದ ಇಂಗ್ಲಿಷಿನಲ್ಲಿ ಇಟ್ಟ. ಅಷ್ಟು ಬುದ್ಧಿವಂತ! ಆಮೇಲೆ ನೋಡಿಕೊಂಡರೆ ತನಗೂ ಅದು ಬಾರದು. ಬಂಡೆಗೆ ಬಡಿದು ನಿಂತ ಹಡಗಿನವರಿಂದ ಕದ್ದು ಕೇಳಿದ ಒಂದಷ್ಟು ಬಿಡಿ ಪದ, ಮತ್ತೆ ಆ ಹಡಗು ಹೊರಡುವಾಗ ಕಪ್ತಾನ ಕೂಗಿದ 'ಐ ಆಮ್ ಗೋಯಿಂಗ್' ಎಂಬ ಒಂದೇ ಒಂದು ಪೂರ್ತಿ ವಾಕ್ಯ, ಇಷ್ಟೇ ಅವನ ಆಸ್ತಿ.

ಆ ಒಂದು ವಾಕ್ಯವನ್ನೂ ಅವನು ಕೆಟ್ಟದ್ದಕ್ಕೇ ಬಳಸಿದ. ದ್ವೀಪಕ್ಕೆ ಬಂದ ಬೆಸ್ತರನ್ನು, ವ್ಯಾಪಾರಿಗಳನ್ನು ತಾನೇ ಕೋಟೆಗೆ ಕರೆದೊಯ್ದು, "ಕೋಟೆಯಿಂದ ಹೊರಡೋರು ಹೀಗೆ ಹೇಳಿ ಹೊರಡಬೇಕು," ಎಂದು ಅದನ್ನೇ ಬಾಯಿಪಾಠ ಮಾಡಿಸುತ್ತಿದ್ದ. ಅವರು ಹೇಳಿ ಹೊಸ್ತಿಲು ದಾಟಿದರೆ ಬಾಗಿಲು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಹೋದವರು ಹೋಗುತ್ತಲೇ ಇರುತ್ತಿದ್ದರು. ಮಂಜಿನೊಳಗೆ ನಡೆದು ನಡೆದು ಎಲ್ಲಿಗೂ ತಲುಪುತ್ತಿರಲಿಲ್ಲ. ಅವರ ದೋಣಿ, ಸರಕು ಎಲ್ಲ ಇವನಿಗೆ.

ಇಷ್ಟರಲ್ಲಿ ತುಂಗಜ್ಜಿಯ ಸುದ್ದಿ ಅವನ ಕಿವಿಗೆ ಬಿತ್ತು. ಪೂರ್ತಿ ವಾಕ್ಯ ಕಲಿತುಬಿಟ್ಟರೆ ಎದುರಿಗೆ ಕಂಡ ರಾಜ್ಯವನ್ನೆಲ್ಲ ನನ್ನದು ಎನ್ನಬಹುದಲ್ಲ! ಒಂದು ಸಂಜೆ ಪಾಠ ನಡೆಯುತ್ತಿದ್ದಾಗಲೇ ದೊಡ್ಡ ಬಾವಲಿಯಾಗಿ ಬಂದು, ಹೊಂಗೆ ಮರದ ಕೆಳಗಿನಿಂದ ಅಜ್ಜಿಯನ್ನು ಎತ್ತಿಕೊಂಡು ಹಾರಿದ. ಕೆಂಚರಾಯನ ಕೈಗೆ ಸಿಕ್ಕಿದ್ದು ಅವಳ ಒಂದು ಚಪ್ಪಲಿ ಮಾತ್ರ.

"ಪಾಠ ಹೇಳಿಕೊಟ್ಟರೆ ಸರಿ," ಎಂದು ಆಕಾಶದಿಂದ ಧೂಮಕಂಠ ಕೂಗಿದ. "ಇಲ್ಲವಾದರೆ ಅಮಾವಾಸ್ಯೆಯೊಳಗೆ ನಿಮ್ಮ ಅಜ್ಜಿ ಕಲ್ಲು!"

ಮಲ್ಲರಾಯ ಸೈನ್ಯ ಕಳಿಸುತ್ತೇನೆಂದ. ಕೆಂಚರಾಯ ಬೇಡವೆಂದ. "ಅಪ್ಪಾಜಿ, ಅಲ್ಲಿ ಕತ್ತಿ ನಡೆಯೋದಿಲ್ಲ, ಇಂಗ್ಲಿಷ್ ನಡೆಯುತ್ತೆ ಅಂತ ಆ ದಂಡೆ ಮುಟ್ಟದೆ ಮರಳಿದ ಬೆಸ್ತರು ಹೇಳ್ತಾರೆ. ನಮ್ಮ ಸೈನ್ಯದಲ್ಲಿ ಅದು ಯಾರಿಗೆ ಬರುತ್ತೆ?"

"ನಿನಗೆ ಬರುತ್ತಾ ಮಗನೆ?" ಎಂದ ರಾಜ.

"ಅರ್ಧ ಬರುತ್ತೆ," ಎಂದ ಕೆಂಚರಾಯ, ತಲೆ ತಗ್ಗಿಸಿ. ಆ ಚಪ್ಪಲಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ದೋಣಿ ಏರಿದ. ಪಾಠದ ಹೊತ್ತಿನಲ್ಲಿ ತೂಕಡಿಸಿದ ಒಂದೊಂದು ಗಳಿಗೆಯೂ ಈಗ ಅವನನ್ನು ಚುಚ್ಚುತ್ತಿತ್ತು.

ದ್ವೀಪದ ದಂಡೆಯಲ್ಲಿ ಒಂದು ಸಿಂಹ ಕೂತಿತ್ತು. ಅದಕ್ಕೆ ಮೂರು ಮುಖ. ಒಂದು ಎಳೆಯದು, ಒಂದು ನಡುಪ್ರಾಯದ್ದು, ಮೂರನೆಯದು ಕೂದಲು ನರೆತ ಮುದಿ ಮುಖ, ಕಣ್ಣು ಮುಚ್ಚಿತ್ತು. ಎಳೆಯ ಮುಖ, "ಗೋ!" ಎಂದು ಗರ್ಜಿಸಿತು.

"ಗೋ, ಗೋಡ್..." ಎಂದು ಕೆಂಚರಾಯ ತೊದಲಿದ. ಸಿಂಹ ಒಂದೇ ಬಾಯಿಗೆ ಅವನ ಪೇಟ ನುಂಗಿತು. ಕ್ರಿಯಾಪದ ತಪ್ಪಾದರೆ ಮುಂದಿನ ತುತ್ತು ತಲೆಯೇ ಎಂದು ಅವನಿಗೆ ಹೇಳಿಕೊಡಬೇಕಾಗಲಿಲ್ಲ.

ಆಗ ಅಜ್ಜಿಯ ಮಾತು ನೆನಪಾಯಿತು. "ಎಲ್ಲ ಕ್ರಿಯಾಪದಕ್ಕೂ ಹಿಂದೆ 'ಎಡ್' ಅಂಟಿಸಬೇಡ ಮಗನೆ. ಕೆಲವು ಹಟಮಾರಿಗಳು, ನಿನ್ನ ಹಾಗೆ. ಅವಕ್ಕೆ ತಮ್ಮದೇ ವೇಷ. ಎಲೆ ಮೇಲೆ ದಿನಾ ಹೋಳಿಗೆ ತಿಂತೀನಿ, ಅದು ಈಟ್. ನಿನ್ನೆ ತಿಂದೆ, ಅದು ಏಟ್. ತಿಂದು ಮುಗಿಸಿ ಕೈ ತೊಳೆದಾಯ್ತು, ಅದು ಈಟನ್. ಈ ಮೂರನೆಯವನು ಮುದುಕ. ಹ್ಯಾವ್, ಹ್ಯಾಸ್ ಅಂತ ಯಾವುದಾದ್ರೂ ಊರುಗೋಲು ಕೊಡದಿದ್ರೆ ಅವನು ಏಳೋದಿಲ್ಲ."

"ಗೋ, ವೆಂಟ್, ಗಾನ್!" ಎಂದ ಕೆಂಚರಾಯ. ಎಳೆಯ ಮುಖ ಸುಮ್ಮನಾಯಿತು. ನಡುಪ್ರಾಯದ ಮುಖ ತುಟಿ ನೆಕ್ಕಿಕೊಂಡು, "ಈಟ್!" ಎಂದಿತು.

"ಈಟ್, ಏಟ್, ಈಟನ್." ಮುದಿ ಮುಖ ಕಣ್ಣು ತೆರೆಯಲಿಲ್ಲ. ಸಿಂಹದ ಹೊಟ್ಟೆ ಗುರ್ ಎನ್ನುತ್ತಿತ್ತು. ಪಾಪ, ಎಷ್ಟು ಕಾಲದಿಂದ ಹಸಿದಿತ್ತೋ. ಕೆಂಚರಾಯ ಅದನ್ನೇ ನೋಡುತ್ತ ಮುದುಕನ ಕೈಗೆ ಊರುಗೋಲು ಕೊಟ್ಟ. "ದ ಲಯನ್ ಹ್ಯಾಸ್ ಈಟನ್."

ಪೂರ್ತಿ ವಾಕ್ಯ! ಅಷ್ಟೇ, ಸಿಂಹದ ಹೊಟ್ಟೆ ತುಂಬಿತು. ಮುದಿ ಮುಖ ಕಣ್ಣು ತೆರೆದು ದೊಡ್ಡದಾಗಿ ತೇಗಿತು. ಆಮೇಲೆ ಮೂರೂ ಮುಖ ಒಂದೇ ಪಂಜದ ಮೇಲೆ ಒರಗಿ ಮಲಗಿಬಿಟ್ಟವು.

ಮುಂದೆ ಒಂದು ಬಯಲು. ಅಲ್ಲಿ ನೋಡಿದರೆ ಅಯ್ಯೋ ಎನಿಸಬೇಕು. ಧೂಮಕಂಠ ತನ್ನ ಬಿಡಿ ಪದಗಳಿಂದ ಸೃಷ್ಟಿ ಮಾಡಲು ಹೋಗಿ ಅರ್ಧಕ್ಕೆ ಬಿಟ್ಟ ಜೀವಗಳೆಲ್ಲ ಅಲ್ಲಿದ್ದವು. 'ವಿತ್ ಎ ಲಾಂಗ್ ಟೇಲ್' ಎಂದು ಅಳುತ್ತ ಒಂದು ಬಾಲ ಮಾತ್ರ ಅಲೆಯುತ್ತಿತ್ತು. 'ಅಂಡರ್ ದ ಟ್ರೀ' ಎಂದು ಒಂದು ಮರ ತನ್ನ ಕೆಳಗೆ ಯಾರೂ ಇಲ್ಲವೆಂದು ಬಿಕ್ಕುತ್ತಿತ್ತು. 'ಇನ್ ದ ಮಾರ್ನಿಂಗ್' ಎನ್ನುತ್ತ ಒಂದು ತುಂಡು ಎಳೆಬಿಸಿಲು ಬೀಳಲು ಜಾಗ ಹುಡುಕುತ್ತಿತ್ತು. ಅವೆಲ್ಲ ಬಂದು ಕೆಂಚರಾಯನ ಪಂಚೆ ಹಿಡಿದು, ನಮ್ಮನ್ನು ಬಿಟ್ಟು ಹೋಗಬೇಡ ಎಂದು ಜಗ್ಗತೊಡಗಿದವು. ಕಾಲು ಕಿತ್ತಿಡಲು ಆಗಲಿಲ್ಲ.

ಇವು ಪದಗುಚ್ಛಗಳು ಎಂದು ಅವನಿಗೆ ಹೊಳೆಯಿತು. ಅಜ್ಜಿ ಹೇಳಿದ್ದಳು, "ಪದಗುಚ್ಛ ಅಂದ್ರೆ ಮದುವೆ ಮನೆ ಬಾಗಿಲಲ್ಲಿ ನಿಂತ ನೆಂಟರು. ಉಡುಗೆ ತೊಡುಗೆ ಎಲ್ಲ ಇರುತ್ತೆ. ಆದ್ರೆ ಬನ್ನಿ, ಕೂತ್ಕೊಳ್ಳಿ ಅಂತ ಕರೆಯೋಕೆ ಒಬ್ಬ ಕರ್ತೃ, ಒಂದು ಕ್ರಿಯಾಪದ ಬೇಕು. ಇಲ್ಲದಿದ್ರೆ ಪಾಪ, ನಿಂತೇ ಇರ್ತಾರೆ."

"ಅಳಬೇಡಿ, ಎಲ್ಲರಿಗೂ ಜಾಗ ಮಾಡ್ತೀನಿ," ಎಂದು ಕೆಂಚರಾಯ ಬಾಲದ ತುದಿ ಸವರಿದ. ಸ್ವಲ್ಪ ಯೋಚಿಸಿ ನಿಧಾನವಾಗಿ ನುಡಿದ. "ಎ ಮಂಕಿ ವಿತ್ ಎ ಲಾಂಗ್ ಟೇಲ್ ಸ್ಲೀಪ್ಸ್ ಅಂಡರ್ ದ ಟ್ರೀ ಇನ್ ದ ಮಾರ್ನಿಂಗ್."

ಬಾಲಕ್ಕೆ ಒಂದು ಕೋತಿ ಬಂತು. ಕೋತಿ ಮರದ ಕೆಳಗೆ ಮಲಗಿತು. ಬಿಸಿಲು ಅದರ ಹೊಟ್ಟೆಯ ಮೇಲೆ ಬಿತ್ತು. ಮರ ಅಳು ನಿಲ್ಲಿಸಿ ಗಾಳಿ ಬೀಸಿತು. ಕೆಂಚರಾಯನಿಗೇ ಕಣ್ಣು ಒದ್ದೆಯಾಯಿತು. ಇಂಗ್ಲಿಷ್ ವ್ಯಾಕರಣದ ಮೇಲೆ ಅವನಿಗೆ ಮೊದಲ ಸಲ ಪ್ರೀತಿ ಹುಟ್ಟಿದ್ದು ಅಲ್ಲೇ.

ಪ್ರೀತಿ ಹುಟ್ಟಿದ ಕೂಡಲೇ ಸ್ವಲ್ಪ ಜಂಬವೂ ಬಂತು. ಬಯಲಿನಾಚೆ ಒಂದು ಕಪ್ಪು ಕೊಳ, ಕೊಳದಾಚೆ ಕೋಟೆ. ಈಜೋಣವೆಂದರೆ ನೀರು ಕೊತ ಕೊತ ಕುದಿಯುತ್ತಿತ್ತು. ದಂಡೆಯಲ್ಲಿ ಒಂದು ಬಿಳಿ ಕುದುರೆ ಅಲುಗದೆ ನಿಂತಿತ್ತು. ಅದಕ್ಕೂ ಕ್ರಿಯಾಪದ ಸಿಕ್ಕಿರಲಿಲ್ಲ. ಇದೇನು ಮಹಾ ಎಂದುಕೊಂಡ ಕೆಂಚರಾಯ. ನನ್ನನ್ನು ಬಿಳಿ ಕುದುರೆ ಹೊರುತ್ತದೆ, ಅಷ್ಟೇ ತಾನೆ? ಮನಸ್ಸಿನಲ್ಲಿ ಕನ್ನಡ ಹೇಗೆ ಬಂತೋ ಹಾಗೇ ತನ್ನನ್ನು ಮೊದಲ ಎಲೆಗೆ ಕೂರಿಸಿ, ಗತ್ತಿನಿಂದ ಹೇಳಿದ. "ಐ ಕ್ಯಾರಿ ಎ ವೈಟ್ ಹಾರ್ಸ್."

ಕುದುರೆ ಸಂತೋಷದಿಂದ ಕೆನೆದು ಅವನ ಬೆನ್ನೇರಿತು.

ಕುದುರೆಯ ಮುಂಗಾಲು ಎರಡೂ ಅವನ ಹೆಗಲ ಮೇಲೆ, ಬಾಲ ಮಣ್ಣಿನಲ್ಲಿ. ನೋಡುವವರು ಇರಲಿಲ್ಲ ಎಂಬುದೊಂದೇ ಸಮಾಧಾನ. ಕೆಂಚರಾಯ ಉಸಿರು ಬಿಗಿಹಿಡಿದು, ಕುದಿಯುವ ನೀರಿನ ಕಡೆಗೆ ಒಂದೊಂದೇ ಹೆಜ್ಜೆ ವಾಲುತ್ತಿದ್ದ. "ಎಲೆ ನೋಡೋ ಮಗನೆ, ಎಲೆ!" ಎಂದು ತುಂಗಜ್ಜಿ ಕಿವಿ ಹಿಂಡಿದಂತಾಯಿತು. ಮಾಡುವವನು ಮೊದಲ ಎಲೆ. ಹೊರುವ ಕೆಲಸ ಮಾಡಬೇಕಾದ್ದು ಕುದುರೆ. ತಾನು ಮಾಡಿಸಿಕೊಳ್ಳುವವನು, ಆಚೆ ಎಲೆ.

"ಎ ವೈಟ್... ಹಾರ್ಸ್... ಕ್ಯಾರೀಸ್ ಮಿ!"

ಮರುಕ್ಷಣ ಅವನು ಕುದುರೆಯ ಮೇಲಿದ್ದ. ಕುದುರೆ ಕುದಿಯುವ ಕೊಳವನ್ನು ಒಂದೇ ನೆಗೆತಕ್ಕೆ ದಾಟಿ ಕೋಟೆಯ ಬಾಗಿಲಲ್ಲಿ ಇಳಿಸಿತು. ಬಾಗಿಲು ಒಳಕ್ಕೆ ಸಲೀಸಾಗಿ ತೆರೆಯಿತು. ಒಳಗೆ ಬರುವವರಿಗೆ ಆ ಬಾಗಿಲು ಯಾವತ್ತೂ ಅಡ್ಡಿ ಮಾಡುತ್ತಿರಲಿಲ್ಲ.

ಕೋಟೆಯ ಸಭಾಂಗಣದಲ್ಲಿ ತುಂಗಜ್ಜಿ ನಿಂತಿದ್ದಳು. ಪಾದದಿಂದ ಕುತ್ತಿಗೆಯವರೆಗೆ ಕಲ್ಲು. ಒಂದು ಕಾಲಲ್ಲಿ ಕಲ್ಲಿನ ಚಪ್ಪಲಿ, ಇನ್ನೊಂದು ಬರಿಗಾಲು. ಮುಖ ಮಾತ್ರ ಇನ್ನೂ ಅವಳದೇ.

"ಪೇಟ ಎಲ್ಲೋ?" ಎಂದಳು ಮೊದಲು. "ಬಿಸಿಲಲ್ಲಿ ಬರಿದಲೇಲಿ ಬಂದ್ಯಾ?"

ಧೂಮಕಂಠ ಹೊಗೆಯಾಡುತ್ತ ಎದ್ದು ಬಂದ. "ಈ ಸಭಾಂಗಣದ ಕಟ್ಟಳೆ ಕೇಳು ಹುಡುಗ. ಇಲ್ಲಿ ಒಬ್ಬರಿಗೆ ಒಂದೇ ಇಂಗ್ಲಿಷ್ ವಾಕ್ಯ. ಅದೂ ತನ್ನ ಬಗ್ಗೆ ಮಾತ್ರ. ಇನ್ನೊಬ್ಬರ ಮಾತು ಎತ್ತಿದರೆ, ಎತ್ತಿದವನೂ ಕಲ್ಲು. ಈ ಮುದುಕಿ ತನ್ನ ವಾಕ್ಯವನ್ನು ಬಂದ ಕೂಡಲೇ ಖರ್ಚು ಮಾಡಿಬಿಟ್ಟಳು."

"ಏನಂದೆ ಅಜ್ಜಿ?"

"ಐ ವಿಲ್ ನಾಟ್ ಟೀಚ್ ಅಂದೆ," ಎಂದಳು ತುಂಗಜ್ಜಿ. "ಸಿಟ್ಟು ಬಂದಿತ್ತು ಕಣೋ. ಪಾಠ ಕಲಿಯೋನು ಬಂದು ಕೂತ್ಕೊಳ್ಳಬೇಕು. ಗುರೂನ ಕೋಳಿ ಥರ ಎತ್ತಿಕೊಂಡು ಹೋಗೋದಲ್ಲ."

ಅದು ನಿಜವಾಗಿಬಿಟ್ಟಿತ್ತು. ಇನ್ನು ಅವಳೇ ಬಯಸಿದರೂ ಧೂಮಕಂಠನಿಗೆ ಒಂದು ಅಕ್ಷರ ಬಾರದು. ಆ ಉರಿಗೇ ಅವನು ಅವಳನ್ನು ಕಲ್ಲಾಗಿಸುತ್ತಿದ್ದ. ಕೆಂಚರಾಯ ನೋಡುತ್ತಿದ್ದಂತೆಯೇ ಕಲ್ಲು ಗಲ್ಲದವರೆಗೆ ಏರಿತು. ಐ ವಿಲ್ ಫೈಟ್ ಎನ್ನಲೇ? ಹೊಡೆದಾಡುತ್ತಲೇ ಇರುವೆ, ಅಷ್ಟೇ. ಐ ವಿಲ್ ವಿನ್ ಎನ್ನಲೇ? ತಾನು ಗೆದ್ದು ಅಜ್ಜಿ ಕಲ್ಲಾಗಿ ಉಳಿದರೆ ಆ ಗೆಲುವನ್ನು ತೆಗೆದುಕೊಂಡು ಏನು ಮಾಡುವುದು?

"ಹೋಗು ಮಗನೆ," ಎಂದಳು ತುಂಗಜ್ಜಿ. ಕನ್ನಡಕ್ಕೆ ಅಲ್ಲಿ ಯಾವ ತಡೆಯೂ ಇರಲಿಲ್ಲ. "ನನ್ನ ಮಾತು ಕೇಳು. ಅಪ್ಪಾಜಿ ಕಾಯ್ತಿರ್ತಾರೆ. ನಾನು ಬದುಕಿದ್ದು ಸಾಕು. ಹೊರಡು ಕಂದ."

"ಹೌದು, ಹೊರಡು," ಎಂದ ಧೂಮಕಂಠ, ಒಳಗೊಳಗೇ ನಗುತ್ತ. "ಹೊರಡುವಾಗ ಹೇಳೋ ವಾಕ್ಯ ಗೊತ್ತಲ್ಲ?"

ಕೆಂಚರಾಯನಿಗೆ ಏನೂ ಕಾಣದಷ್ಟು ಅಳು. ಸೊಂಟದಲ್ಲಿದ್ದ ಚಪ್ಪಲಿ ತೆಗೆದು ಅಜ್ಜಿಯ ಬರಿಗಾಲಿನ ಮುಂದೆ ಇಟ್ಟ. ಬಗ್ಗಿ ಆ ತಣ್ಣನೆಯ ಕಲ್ಲಿನ ಪಾದ ಮುಟ್ಟಿದ. ಪಾದ ಮುಟ್ಟಿದ ಮೇಲೆ ನಾಲಗೆ ಯೋಚನೆ ಮಾಡಲಿಲ್ಲ. ದಿನವೂ ಹೊಂಗೆ ಮರದ ಕೆಳಗೆ ಏನು ಹೇಳುತ್ತಿತ್ತೋ ಅದನ್ನೇ ಹೇಳಿತು.

"ಐ ವಿಲ್ ಗೋ ಅಂಡ್ ಕಮ್."

ಧೂಮಕಂಠನ ಬಾಯಿಂದ ಹೊಗೆ ನಿಂತುಹೋಯಿತು. ಹೊರಡುವವನು ಬರುತ್ತೇನೆಂದು ಹೇಳಿ ಹೊರಡುವುದನ್ನು ಆ ಮಾಯೆ ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಯಾರೋ ತಳ್ಳಿದಂತೆ ಕೆಂಚರಾಯ ಹೊಸ್ತಿಲು ದಾಟಿ ಮಂಜಿನೊಳಗೆ ಹೋದ. ಬಾಗಿಲು ಮುಚ್ಚಿಕೊಳ್ಳಲು ಬಂತು, ಆಗಲಿಲ್ಲ. ಹೋದವನು ಬರಬೇಕಲ್ಲ! ಧೂಮಕಂಠ ಬೆನ್ನು ಕೊಟ್ಟು ನೂಕಿದ, ಹಲ್ಲು ಕಚ್ಚಿ ನೂಕಿದ, ಬಾಗಿಲು ಜಗ್ಗಲಿಲ್ಲ. ಮುಚ್ಚದ ಬಾಗಿಲಿನಿಂದ ಸಮುದ್ರದ ಗಾಳಿ ಒಳನುಗ್ಗಿತು. ಎಂದೂ ಗಾಳಿ ಕಾಣದ ಆ ಕೋಟೆಯಲ್ಲಿ ಕಟ್ಟಿಟ್ಟಿದ್ದ ಮಾಯೆಯೆಲ್ಲ ಹೊಗೆಯ ಜೊತೆಗೇ ಕಿಟಕಿಗಳಿಂದ ಹೊರಗೆ ಹೋಗತೊಡಗಿತು.

ಮಂಜಿನಲ್ಲಿ ಕೆಂಚರಾಯ ಹೋದ, ಹೋದ. ಹೋಗುವಷ್ಟು ಹೋದ ಮೇಲೆ ಅವನ ಮಾತೇ ಅವನನ್ನು ಹಿಂದಕ್ಕೆ ತಿರುಗಿಸಿತು. ತಿರುಗಿದಾಗ ಯಾರೋ ಅವನ ಕೈ ಹಿಡಿದರು. ಒಬ್ಬ ಬೆಸ್ತ. "ಅಣ್ಣ, ಬರ್ತಾ ಇದೀಯಾ? ಈ ಕಡೆ ಬರೋರನ್ನ ನಾವು ನೋಡೇ ಇಲ್ಲ," ಎಂದ ಅವನು. ಅವನ ಕೈಯನ್ನು ಇನ್ನೊಬ್ಬ ಹಿಡಿದಿದ್ದ, ಅವನ ಕೈಯನ್ನು ಮತ್ತೊಬ್ಬ. ಎಂದೋ ಹೋದವರೆಲ್ಲ ಒಬ್ಬರ ಹಿಂದೆ ಒಬ್ಬರು ಕೈ ಹಿಡಿದು, ಕೆಂಚರಾಯನ ಬೆನ್ನಿಗೇ ತೆರೆದ ಬಾಗಿಲಿಗೆ ಬಂದರು.

ಅಷ್ಟೊಂದು ಜನ ತನ್ನ ಕಡೆಗೇ ಬರುವುದನ್ನು ಕಂಡು ಧೂಮಕಂಠ ಕಿಟಕಿಯ ಕಡೆ ಹಿಮ್ಮೆಟ್ಟಿದ. ಓಡಬೇಕು! ಅವಸರದಲ್ಲಿ ಬಾಯಿಗೆ ಬಂದದ್ದು ತನಗೆ ಗೊತ್ತಿದ್ದ ಒಂದೇ ವಾಕ್ಯ. ಅಳಿದುಳಿದ ಮಾಯೆ ಅದಕ್ಕೆ ಸಾಕಾಯಿತು.

"ಐ ಆಮ್ ಗೋಯಿಂಗ್!" ಎಂದು ಅರಚಿ ಕಿಟಕಿಯಿಂದ ಹಾರಿದ.

ಹೋದ. ಅಷ್ಟೇ, ಹೋದ.

ಕೆಂಚರಾಯ ಸಭಾಂಗಣಕ್ಕೆ ಓಡಿ ಬಂದಾಗ ತುಂಗಜ್ಜಿ ನೆಲದ ಮೇಲೆ ಕೂತು, ಮರಗಟ್ಟಿದ ಕಾಲನ್ನು ತಿಕ್ಕಿಕೊಂಡು ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಅವನು ಓಡಿ ಹೋಗಿ ಅವಳ ಮಡಿಲಲ್ಲಿ ತಲೆಯಿಟ್ಟು ಮಗುವಿನ ಹಾಗೆ ಅತ್ತ. ಅವಳು ಅವನ ತಲೆ ಸವರಿ, "ಎಣ್ಣೆ ಕಾಣದೆ ಹೇಗಾಗಿದೆ ನೋಡು ಕೂದಲು," ಎಂದಳು. ಆಮೇಲೆ ಅವಳೂ ಅತ್ತಳು.

ಎಲ್ಲರೂ ತಮ್ಮ ತಮ್ಮ ದೋಣಿ ಹುಡುಕಿಕೊಂಡು ಮನೆಗೆ ಹೊರಟರು. ಬಿಳಿ ಕುದುರೆ ಕೆಂಚರಾಯನ ಜೊತೆಗೆ ಬಂತು. ಕೋತಿಗೆ ಆ ಮರವೇ ಸಾಕಾಯಿತು. ಸಿಂಹ ಎಚ್ಚರವಾದ ಮೇಲೆ ಅಲೆಸಿರಿಗೇ ಬಂದು ಸೇರಿತು, ಅರಮನೆಯ ಹೋಳಿಗೆಯ ರುಚಿ ಹತ್ತಿ, ಮೂರು ಮುಖಕ್ಕೂ ಬೇರೆ ಬೇರೆ ಎಲೆ ಹಾಕಿಸಿಕೊಳ್ಳುತ್ತಿತ್ತು. ಉಣ್ಣೆಯ ಟೋಪಿಗಳಲ್ಲಿ ಒಂದು ಅದರ ಮುದಿ ಮುಖಕ್ಕೆ ಸರಿಯಾಯಿತು.

ಕಾಲ ಸರಿದು ಕೆಂಚರಾಯ ರಾಜನಾದ. ಹಡಗಿನವರೊಡನೆ ತಾನೇ ಚೆನ್ನಾಗಿ ಇಂಗ್ಲಿಷ್ ಮಾತಾಡುತ್ತಿದ್ದ. ಕ್ರಿಯಾಪದ ಒಂದೂ ಎಲೆ ತಪ್ಪುತ್ತಿರಲಿಲ್ಲ. ಮಾತು ಮುಗಿಸಿ ಏಳುವಾಗ ಮಾತ್ರ, "ಐ ವಿಲ್ ಗೋ ಅಂಡ್ ಕಮ್," ಎನ್ನುತ್ತಿದ್ದ. ಒಬ್ಬ ಎಳೆಯ ಕಪ್ತಾನನಿಗೆ ನಗು ತಡೆಯಲಾಗಲಿಲ್ಲ. ರಾಜನ ಪಕ್ಕದಲ್ಲಿ ಎಲೆಯಡಿಕೆ ಮೆಲ್ಲುತ್ತ ಕೂತಿದ್ದ ಹಣ್ಣು ಹಣ್ಣು ಮುದುಕಿಯ ಕಡೆ ತಿರುಗಿ, ನೀವಾದರೂ ರಾಜರಿಗೆ ಇದನ್ನು ತಿದ್ದಬಾರದೇ ಎಂದು ತನ್ನ ಭಾಷೆಯಲ್ಲಿ ಕೇಳಿದ.

"ತಿದ್ದಿದ್ದೆ ಕಣಪ್ಪ, ಬಹಳ ಸಲ," ಎಂದಳು ತುಂಗಜ್ಜಿ ಕನ್ನಡದಲ್ಲೇ. "ಸದ್ಯ, ಅವನು ಕಲೀಲಿಲ್ಲ."